ಭಾಗಕ್ಕೆ ಬಂದ ಡಿಸ್ಕು

ಗೌರಿ ಹಬ್ಬಕ್ಕೆಂದು ಹೇರೋಹಳ್ಳಿಯ ಕಿರಿಯ ಮಗನ ಮನೆಗೆ ಹೋದ ಲಕ್ಷ್ಮವ್ವ, ನವರಾತ್ರಿ ಹತ್ತಿರ ಬಂದರೂ ಬಸವೇಶ್ವರನಗರಕ್ಕೆ ವಾಪಸ್ ಬರುವ ಮಾತೇ ಆಡಲಿಲ್ಲ. ಹಿರಿಯ ಸೊಸೆ ಬಸವರಾಜೇಶ್ವರಿ ತನ್ನ ಟೈಲರಿಂಗ್ ಅಂಗಡಿಯ ಮೇಜಿನ ಮೇಲೆ ಫೋನನ್ನು ಸ್ಪೀಕರಿಗೆ ಹಾಕಿಟ್ಟು, ಬ್ಲೌಸಿನ ತೋಳು ಕತ್ತರಿಸುತ್ತಾ ಕೇಳಿದಳು.

“ಅತ್ತೆ, ಯಾವಾಗ ಬರ್ತೀರಾ? ಇವರನ್ನ ಆಟೋ ಮಾಡಿ ಕಳಿಸ್ಲಾ?”

“ಇರ್ತೀನಿ ಕಣೇ ಇನ್ನೊಂದು ವಾರ.”

ಅತ್ತೆಯ ದನಿಯ ಹಿಂದೆ ನಾದಸ್ವರ, ಡೋಲು, ಮಕ್ಕಳ ಗಲಾಟೆ.

“ಏನತ್ತೆ ಅದು ವಾಲಗ? ಯಾರದ್ದು ಮದುವೆ?”

“ನಿಂದೇ ಕಣೇ!” ಲಕ್ಷ್ಮವ್ವ ನಕ್ಕರು. “ತಾಳಿ ಕಟ್ಟಿದ್ದಾಯ್ತು, ಈಗ ಊಟಕ್ಕೆ ಕೂತವ್ರೆ. ಬೆಟ್ಟಯ್ಯನ ಹೆಂಡ್ತಿ ಹೋಳಿಗೇನ ಸೆರಗಲ್ಲಿ ಕಟ್ಕೊಂಡಿದ್ದು ನಾನವತ್ತು ನೋಡೇ ಇರ್ಲಿಲ್ಲ ನೋಡು. ಈಗ ಸಿಕ್ಕಿಬಿದ್ಲು.”

ಕತ್ತರಿ ಅಲ್ಲೇ ನಿಂತಿತು. ರಾಜೇಶ್ವರಿಯ ಮದುವೆಯ ವಿಡಿಯೋ ಕ್ಯಾಸೆಟ್ಟು, ಹಾಕಿ ನೋಡಲು ಪ್ಲೇಯರ್ ಇಲ್ಲದೆ, ಬೂಷ್ಟು ಹಿಡಿದು ಅತ್ತೆಯ ಟ್ರಂಕಿನಲ್ಲಿ ಎಷ್ಟೋ ವರ್ಷದಿಂದ ಬಿದ್ದಿತ್ತು. ಬೇಸಿಗೆಯಲ್ಲಿ ವಾರಗಿತ್ತಿ ನೀಲಾಂಬಿಕಾ ಬಂದು ಆ ಟ್ರಂಕಿನ ಕ್ಯಾಸೆಟ್ಟುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋಗಿದ್ದಳು. ಕಸ ಕಡಿಮೆಯಾಯಿತು ಎಂದು ರಾಜೇಶ್ವರಿ ಸುಮ್ಮನಿದ್ದಳು. ಆ ಕಸವೇ ಈಗ ಅಲ್ಲಿ ವಾಲಗ ಊದುತ್ತಿತ್ತು. ಅತ್ತೆಯನ್ನೂ ಅಲ್ಲೇ ಕೂರಿಸಿಕೊಂಡಿತ್ತು.

ಚಕ್ಕುಲಿ ಕೊಟ್ಟು ಬರುವ ನೆಪದಲ್ಲಿ ಮಾರನೆಯ ದಿನವೇ ಅವಳು ಹೇರೋಹಳ್ಳಿಗೆ ಹೊರಟಳು. ಆಟೋದವನು ಮುಖ್ಯರಸ್ತೆಯಲ್ಲೇ ಇಳಿಸಿಬಿಟ್ಟ; ಒಳಗಿನ ರಸ್ತೆಯನ್ನು ಪೈಪು ಹಾಕುವುದಕ್ಕೆ ಅಗೆದು ಹಾಗೇ ಬಿಟ್ಟಿದ್ದರು. ಸೀರೆಯ ನೆರಿಗೆ ಎತ್ತಿ ಹಿಡಿದು ಅವಳು ಮನೆ ತಲುಪುವಾಗ, ಹಾಲಿನಲ್ಲಿ ಅಕ್ಕಪಕ್ಕದ ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ನಡುವೆ ಕುರ್ಚಿಯಲ್ಲಿ ಲಕ್ಷ್ಮವ್ವ. ಟಿ.ವಿ.ಯಲ್ಲಿ ರಾಜೇಶ್ವರಿ ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ನಿಂತಿದ್ದಳು.

“ಬಾರೇ, ಸರಿಯಾದ ಹೊತ್ತಿಗೆ ಬಂದೆ,” ಎಂದರು ಅತ್ತೆ. ಪಕ್ಕದವರಿಗೆ ತೋರಿಸಿದರು: “ಇವಳೇ ನೋಡ್ರಿ ಆ ಹುಡುಗಿ. ಆವಾಗ ಕಡ್ಡಿ ಇದ್ದಂಗಿದ್ಲು.”

“ಈಗ?” ಯಾರೋ ಕೇಳಿದರು.

“ಈಗ ನಿಮ್ಮ ಮುಂದೆನೇ ನಿಂತವಳಲ್ಲ, ನೋಡ್ಕೊಳ್ರಿ.”

ಚಾಪೆಯೆಲ್ಲ ನಕ್ಕಿತು. ರಾಜೇಶ್ವರಿಯೂ ನಕ್ಕಳು. ನಗುತ್ತಲೇ ಅವಳ ಕಣ್ಣು ಟಿ.ವಿ. ಕೆಳಗಿನ ಕಪ್ಪು ಪೆಟ್ಟಿಗೆಯ ಮೇಲೆ ಬಿತ್ತು.

ನೀಲಾ ರಾಜಾಜಿನಗರದ ಒಂದು ಲೆಕ್ಕಪತ್ರದ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಆಫೀಸಿನವರು ಹಳೆಯ ಕಂಪ್ಯೂಟರುಗಳನ್ನು ತೆಗೆದುಹಾಕುವಾಗ ಒಂದನ್ನು ಕೇಳಿ ಮನೆಗೆ ತಂದಿದ್ದಳು. ಅದರ ನೆತ್ತಿಯ ಮೇಲೆ ಆಫೀಸಿನ ನಂಬರಿನ ಚೀಟಿ ಇನ್ನೂ ಅಂಟಿಕೊಂಡಿತ್ತು. ಅಲ್ಲಿನ ಕ್ಯಾಮೆರಾ ರೆಕಾರ್ಡರಿನಿಂದ ಬಿಚ್ಚಿದ ಎರಡು ಹಾರ್ಡ್ ಡಿಸ್ಕುಗಳನ್ನು ಅದಕ್ಕೆ ಹಾಕಿ, ಅಂಗಡಿಯಲ್ಲಿ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಹೊಂದುವಂತೆ ಮಾಡಿಸಿಕೊಂಡು ಬಂದು ತುಂಬಿಸಿದ್ದಳು. ಬೂಷ್ಟು ಹಿಡಿದಿದ್ದ ಟೇಪುಗಳು ಅಂಗಡಿಯಲ್ಲಿ ಆ ಒಂದು ಸಲ ಓಡಿದ್ದೇ ಕೊನೆ, ಆಮೇಲೆ ತುಂಡಾಗಿ ಕಸಕ್ಕೆ ಹೋದವು. ಮನೆಯ ವೈ-ಫೈ ಇದ್ದರೆ ಸಾಕು, ಟಿ.ವಿ.ಯಲ್ಲೂ ಬರುತ್ತಿತ್ತು, ಫೋನಿನಲ್ಲೂ ಬರುತ್ತಿತ್ತು.

“ಎರಡು ಡಿಸ್ಕ್ ಇದೆ ಅಕ್ಕಾ. ಎರಡರಲ್ಲೂ ಒಂದೇ ಬರ್ಕೊಳ್ಳುತ್ತೆ,” ನೀಲಾ ಕಾಫಿ ಕೊಡುತ್ತಾ ವಿವರಿಸಿದಳು. “ಹಳೇ ಸಾಮಾನಲ್ವಾ, ಯಾವಾಗ ಕೈ ಕೊಡುತ್ತೋ ಗೊತ್ತಾಗಲ್ಲ. ಒಂದು ಹೋದ್ರೆ ಇನ್ನೊಂದರಲ್ಲಿ ಎಲ್ಲಾ ಇರುತ್ತೆ.”

ಆ ಮಾತು ರಾಜೇಶ್ವರಿಯ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಟಿ.ವಿ.ಯಲ್ಲಿ ಆಗ ಅವಳ ಸೋದರಮಾವ ಅವಳ ಕೆನ್ನೆಗೆ ಅರಿಶಿನ ಹಚ್ಚುತ್ತಿದ್ದರು. ಇಷ್ಟೂ ಜನ ಅದನ್ನು ನೋಡುತ್ತಿದ್ದರು, ನೀಲಾಳ ಮನೆಯಲ್ಲಿ ಕೂತು, ನೀಲಾಳ ಕಾಫಿ ಕುಡಿಯುತ್ತಾ.

ನೀಲಾ ಒಳ್ಳೆಯವಳು ಎನ್ನುವುದೇ ಅವಳಿಗೆ ದೊಡ್ಡ ತೊಂದರೆ. ಕೆಟ್ಟವಳಾಗಿದ್ದರೆ ಹೊಟ್ಟೆ ಉರಿದುಕೊಳ್ಳುವುದಕ್ಕೆ ಒಂದು ನ್ಯಾಯವಾದರೂ ಸಿಗುತ್ತಿತ್ತು.

*

“ನಾವೂ ಅಂಥದ್ದು ಒಂದು ಮಾಡೋಣ ರೀ,” ಅವಳು ಅಂದೇ ಗಂಡನಿಗೆ ಹೇಳಿದಳು.

ಗಂಡ ಗುರುಸಿದ್ದಯ್ಯ ಎಲೆಕ್ಟ್ರಿಕಲ್ ಕಂಟ್ರಾಕ್ಟರು. ದಿನವಿಡೀ ಬೇರೆಯವರ ಮನೆಯ ವೈರು ನೋಡಿ ಬಂದವರಿಗೆ ತಮ್ಮ ಮನೆಯಲ್ಲಿ ಹೊಸ ವೈರು ಬೇಕಿರಲಿಲ್ಲ.

“ಯಾಕೆ? ತಮ್ಮನ ಮನೇಲಿ ಇದೆಯಲ್ಲ. ಬೇಕು ಅನಿಸ್ದಾಗ ಹೋಗಿ ನೋಡ್ಕೊಂಡು ಬಾ.”

“ನನ್ನ ಮದುವೆ ನೋಡೋಕೆ ನಾನು ಆಟೋ ಹತ್ತಿ ಹೋಗ್ಬೇಕಾ?”

ಮಾರನೆಯ ದಿನ ಅವರು ಸ್ಕೂಟರಿನ ಕೀ ಕೈಗೆತ್ತಿಕೊಂಡರು.

ಮಾಗಡಿ ರಸ್ತೆಯ ಒಳಗಲ್ಲಿಯೊಂದರಲ್ಲಿ ಮುನಿಯಣ್ಣನ ಶೆಡ್ಡಿತ್ತು. ಮುಚ್ಚಿದ ಆಫೀಸುಗಳ ಕಂಪ್ಯೂಟರು, ಕುರ್ಚಿ, ಫ್ಯಾನು ಎಲ್ಲವನ್ನೂ ಅವನು ಒಟ್ಟಿಗೆ ಎತ್ತಿಕೊಂಡು ಬಂದು ಬಿಡಿಬಿಡಿಯಾಗಿ ಮಾರುತ್ತಿದ್ದ. ಅವನು ಮೊದಲು ತೋರಿಸಿದ್ದು ನೀಲಾಳ ಮನೆಯಲ್ಲಿದ್ದಂಥದ್ದೇ ಸಣ್ಣ ಪೆಟ್ಟಿಗೆ.

“ಇದೇನು ಮುನಿಯಣ್ಣ, ಟಿಫನ್ ಕ್ಯಾರಿಯರ್ ಥರ. ಇದಕ್ಕಿಂತ ದೊಡ್ಡದು ಇಲ್ವಾ?”

“ಇದೆ ಅಕ್ಕಾ. ಆದ್ರೆ ಅದು ಮನೇಗಲ್ಲ.”

“ತೋರ್ಸು.”

ಮಂಚದ ಅರ್ಧ ಉದ್ದಕ್ಕೆ, ಚಪ್ಪಟೆಯಾಗಿ, ಮುಂದುಗಡೆ ಸಾಲಾಗಿ ಡಿಸ್ಕು ತೂರಿಸುವ ಗೂಡುಗಳಿದ್ದ ಸರ್ವರ್ ಅದು. ಮುನಿಯಣ್ಣ ಬಟ್ಟೆಯಲ್ಲಿ ಧೂಳು ಹೊಡೆದ. ಹಸಿರು ದೀಪಗಳು ಮಿಣಿಮಿಣಿ ಹತ್ತಿದವು. ರಾಜೇಶ್ವರಿಗೆ ಅಷ್ಟು ಸಾಕಾಯಿತು.

“ಏಸಿ ರೂಮಲ್ಲಿ ಇಡೋ ಸಾಮಾನಕ್ಕಾ ಇದು. ಸದ್ದು ಜಾಸ್ತಿ. ಕರೆಂಟೂ ಚೆನ್ನಾಗಿ ತಿನ್ನುತ್ತೆ. ನಾಳೆ ನನ್ನ ಬೈಕೋಬೇಡಿ.”

“ನಮ್ಮನೆಯವರು ಕರೆಂಟ್ ಕಂಟ್ರಾಕ್ಟರೇ ಕಣಪ್ಪ.”

“ಕಂಟ್ರಾಕ್ಟರಿಗೆ ಅಂತ ಕರೆಂಟು ಬಿಟ್ಟಿ ಕೊಡಲ್ಲ ಕಣೇ,” ಎಂದರು ಗುರುಸಿದ್ದಯ್ಯ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ಮನೆಯಲ್ಲಿ ಸ್ವಿಚ್ ಹಾಕಿದ ಕೂಡಲೇ ಅದು ಎದ್ದು ನಿಂತಂತೆ ಮೊರೆಯಿತು. ಹಾಲಿನ ಕರ್ಟನ್ನು ಅಲ್ಲಾಡಿತು. ಕೆಳಗಿನ ಮನೆಯ ನಾಗರಾಜು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ.

“ಏನ್ ಸಾರ್, ಮನೇಲೇ ಹಿಟ್ಟಿನ ಗಿರಣಿ ಹಾಕಿದ್ರಾ? ನಮ್ಮನೆ ರಾಗೀನೂ ತರಬಹುದಾ?”

ರಾಜೇಶ್ವರಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದಿಯ ಒಂದು ವಿಡಿಯೋ ನೋಡುತ್ತಾ, ಹೊಸ ಮಾದರಿಯ ಬ್ಲೌಸ್ ಕಲಿಯುವ ಹಾಗೆ ನಿಲ್ಲಿಸಿ ನಿಲ್ಲಿಸಿ, ನೀಲಾ ಹಾಕಿದ್ದ ಪ್ರೋಗ್ರಾಮನ್ನೇ ಇದಕ್ಕೂ ಹಾಕಿದಳು. ತಪ್ಪಿದ್ದನ್ನು ಬಿಚ್ಚಿ ಮತ್ತೆ ಹೊಲಿಯುವುದು ಅವಳಿಗೆ ಹೊಸದಲ್ಲ. ಕಡೆಗೆ ಎಲ್ಲ ಸರಿಹೋಯಿತು. ಪೆಟ್ಟಿಗೆ ಟಿ.ವಿ.ಯಲ್ಲಿ ಕಾಣಿಸಿತು.

ಆದರೆ ಅದರೊಳಗೆ ಏನೂ ಇರಲಿಲ್ಲ.

ನೀಲಾಳಿಗೆ ಒಂದು ಮಾತು ಹೇಳಿದ್ದರೆ ಪೆನ್‌ಡ್ರೈವಿನಲ್ಲಿ ತುಂಬಿ ಕೊಡುತ್ತಿದ್ದಳು. ಆದರೆ ಇಷ್ಟು ದೊಡ್ಡ ಪೆಟ್ಟಿಗೆ ತಂದವಳು ಆ ಸಣ್ಣ ಪೆಟ್ಟಿಗೆಯ ಮುಂದೆ ಹೋಗಿ ಕೈ ಚಾಚುವುದು ಹೇಗೆ? ಕೇಳಿದರೆ ಕೊಟ್ಟವಳು ದೊಡ್ಡವಳಾಗುತ್ತಾಳೆ. ಹಕ್ಕಿನಿಂದ ತಂದರೆ ಆ ಮಾತೇ ಬರುವುದಿಲ್ಲ.

*

“ಅತ್ತೆ, ಆ ಕ್ಯಾಸೆಟ್ಟುಗಳು ನಿಮ್ಮ ಟ್ರಂಕಿಂದು. ಅಂದ್ರೆ ಎರಡೂ ಮನೇದು. ಭಾಗ ಆಗ್ಬೇಕಲ್ವಾ?”

ಹೇರೋಹಳ್ಳಿಯ ಹಾಲಿನಲ್ಲಿ ಅವಳು ಹೀಗೆಂದಾಗ ಅವಳ ಮೈದುನ ಸಿದ್ದಲಿಂಗೇಶ್ ಪೇಪರಿನಿಂದ ತಲೆ ಎತ್ತಿದವನು ಮತ್ತೆ ಪೇಪರಿನ ಹಿಂದೆ ಹೋದ. ಲಕ್ಷ್ಮವ್ವ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಭಾಗ ಎಂದರೆ ಅವರಿಗೆ ಹುರುಪು. ರಾಜಾಜಿನಗರದ ಹಳೆಯ ಮನೆ ಮಾರಿದಾಗ ಪಾತ್ರೆಪಡಗವನ್ನೆಲ್ಲ ಭಾಗ ಮಾಡಿಸಿದ್ದು ಅವರೇ. ಜೋಡಿ ಇದ್ದದ್ದೆಲ್ಲ ಒಂದು ಅಲ್ಲಿಗೆ, ಒಂದು ಇಲ್ಲಿಗೆ. ಹಿತ್ತಾಳೆಯ ಜೋಡಿ ದೀಪದ ಕಂಬವನ್ನೂ ಬಿಟ್ಟಿರಲಿಲ್ಲ. ಅಂದಿನಿಂದ ಎರಡೂ ಮನೆಯ ದೇವರ ಮುಂದೆ ಒಂಟಿ ಕಂಬ.

“ಆ ಪೆಟ್ಟಿಗೇಲಿ ಎಷ್ಟು ಡಿಸ್ಕ್ ಐತೆ?”

“ಎರಡು ಅತ್ತೆ,” ಎಂದಳು ನೀಲಾ. “ಆದ್ರೆ ಅದನ್ನ ಹಂಗೆ ಭಾಗ ಮಾಡೋಕಾಗಲ್ಲ. ನಾನು ಅಕ್ಕಂಗೆ ಒಂದು ಕಾಪಿ...”

“ಕಾಪಿಗೀಪಿ ಬೇಡ ನೀಲಾ,” ಎಂದು ರಾಜೇಶ್ವರಿ ತಡೆದಳು. ಅಸಲು ತಾನಿಟ್ಟುಕೊಂಡು ನಕಲು ಕೊಡುವ ಉಪಾಯ ಎಂದೇ ಅವಳಿಗೆ ಅನಿಸಿತು. “ಹಿರಿಯರು ಭಾಗ ಮಾಡೋದು, ಕಿರಿಯರು ಆರಿಸ್ಕೊಳ್ಳೋದು. ನಮ್ಮನೇಲಿ ನಡ್ಕೊಂಡು ಬಂದಿರೋದು ಅದೇ ಅಲ್ವಾ ಅತ್ತೆ?”

“ಅದೇ.”

ನೀಲಾ ಇನ್ನೇನೋ ಹೇಳಲು ಬಾಯಿ ತೆರೆದಳು. ಅಕ್ಕನ ಮುಖ ನೋಡಿ ಮುಚ್ಚಿಕೊಂಡಳು. ಪೆಟ್ಟಿಗೆಯ ಸ್ವಿಚ್ ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಎರಡು ಡಿಸ್ಕುಗಳನ್ನೂ ಚಾಪೆಯ ಮೇಲಿಟ್ಟಳು. ನೋಡುವುದಕ್ಕೆ ಎರಡೂ ಒಂದೇ ಥರ, ಮೇಲಿನ ಚೀಟಿಯೂ ಒಂದೇ. ರಾಜೇಶ್ವರಿ ಒಂದನ್ನು ಅತ್ತ, ಒಂದನ್ನು ಇತ್ತ ಸರಿಸಿದಳು. ತನ್ನ ಮದುವೆ ಯಾವುದರಲ್ಲಿದೆಯೋ! ನೀಲಾ ಯೋಚಿಸುವ ಗೋಜಿಗೂ ಹೋಗದೆ ಹತ್ತಿರದ್ದನ್ನು ಎತ್ತಿಕೊಂಡಳು. ಅಷ್ಟು ಸಲೀಸಾಗಿ ಎತ್ತಿಕೊಂಡದ್ದು ಕಂಡು ರಾಜೇಶ್ವರಿಗೆ ಜೀವವೇ ಹೋಯಿತು. ಗೊತ್ತಿದ್ದೇ ಎತ್ತಿಕೊಂಡಳೇನೋ.

ಉಳಿದದ್ದಕ್ಕೆ ಅರಿಶಿನ ಕುಂಕುಮ ಹಚ್ಚಿ, ಬ್ಲೌಸ್ ಪೀಸಿನಲ್ಲಿ ಸುತ್ತಿ, ಎಲೆ ಅಡಿಕೆ ತೆಂಗಿನಕಾಯಿಯ ಜೊತೆ ಅತ್ತೆ ಅವಳ ಮಡಿಲಿಗೆ ಹಾಕಿದರು. ಗಂಡನ ಸ್ಕೂಟರಿನ ಹಿಂದೆ ಕೂತು, ತೆಂಗಿನಕಾಯಿಯೂ ಡಿಸ್ಕೂ ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದಂತೆ, ಅವಳು ಆ ಹಳ್ಳದ ರಸ್ತೆಯನ್ನು ದಾಟಿದಳು.

ಮನೆಗೆ ಬಂದು ಗೂಡಿಗೆ ತೂರಿಸಿದಾಗ ಪರದೆಯ ಮೇಲೆ ಹಳದಿ ಬಣ್ಣದಲ್ಲಿ ಏನೋ ಎಚ್ಚರಿಕೆ ಬಂತು: ಜೊತೆಯ ಡಿಸ್ಕು ಕಾಣುತ್ತಿಲ್ಲ ಎಂದು. ಅದು ನೀಲಾಳ ಮನೆಯಲ್ಲಿದೆ, ಹೇಗೆ ಕಾಣುತ್ತದೆ! ಅವಳು ಅದನ್ನು ಮುಚ್ಚಿದಳು. ಹೆಸರುಗಳು ಒಂದೊಂದಾಗಿ ತೆರೆದುಕೊಂಡವು. ಅವಳ ಮದುವೆ ಇತ್ತು. ನಾದಿನಿಯ ಸೀಮಂತ ಇತ್ತು. ಮಗಳು ವಚನಾಳ ತೊಟ್ಟಿಲ ಶಾಸ್ತ್ರ, ಮಾವನವರ ನಿವೃತ್ತಿಯ ಸಮಾರಂಭ, ನೀಲಾಳ ಮದುವೆ, ಹೇರೋಹಳ್ಳಿಯ ಗೃಹಪ್ರವೇಶ.

“ರೀ! ಎಲ್ಲಾ ನಮ್ಮ ಭಾಗಕ್ಕೇ ಬಂದಿದೆ!”

“ಎಲ್ಲಾನಾ? ಹಂಗಾದ್ರೆ ಅವಳದ್ದರಲ್ಲಿ ಏನಿದೆ?”

“ಏನಿರುತ್ತೆ? ಖಾಲಿ!” ಗಿರಣಿಯ ಮೊರೆತದ ಮೇಲೆ ಅವಳು ಕೂಗಿ ಹೇಳಿದಳು. ಅಂದು ರಾತ್ರಿಯ ಊಟಕ್ಕೆ ಶಾವಿಗೆ ಪಾಯಸ ಮಾಡಿದಳು.

ಮುಂದಿನ ದಿನಗಳಲ್ಲಿ ಅವಳು ನೀಲಾಳಿಗೆ ಫೋನು ಮಾಡುತ್ತಿದ್ದ ರೀತಿಯಲ್ಲಿ ಒಂದು ಹೊಸ ಮೃದುತ್ವ ಬಂತು. “ಊಟ ಆಯ್ತೇನೆ? ಬೇಜಾರಿಲ್ಲ ತಾನೆ?” ಎಂದು ಕೇಳುತ್ತಿದ್ದಳು. “ಬೇಜಾರು ಯಾಕಕ್ಕಾ?” ಎನ್ನುತ್ತಿದ್ದಳು ನೀಲಾ. ಪಾಪ, ನುಂಗಿಕೊಂಡಿದ್ದಾಳೆ ಎಂದುಕೊಂಡು ರಾಜೇಶ್ವರಿ ಇನ್ನಷ್ಟು ಮೃದುವಾಗುತ್ತಿದ್ದಳು. ಗೆದ್ದವರಿಗೆ ಕರುಣೆ ತೋರಿಸುವುದು ಎಷ್ಟು ಸುಲಭ ಎಂದು ಅವಳಿಗೆ ಮೊದಲ ಸಲ ಗೊತ್ತಾಯಿತು.

*

ಎಲ್ಲ ನಮ್ಮ ಮನೆಯಲ್ಲೇ ನೋಡಬಹುದು ಎಂದು ರಾಜೇಶ್ವರಿ ಕರೆದದ್ದಕ್ಕೆ ಲಕ್ಷ್ಮವ್ವ ಬ್ಯಾಗು ಹಿಡಿದು ಬಸವೇಶ್ವರನಗರಕ್ಕೆ ಬಂದರು. ಟಿ.ವಿ. ಮುಂದೆ ಅವರಿಗೆ ಹೊಸ ಮೆತ್ತೆಯ ಕುರ್ಚಿ ಹಾಕಿಸಿದ್ದಾಯಿತು. ಮದುವೆ ಶುರುವಾಯಿತು.

“ವಾಲಗ ಎಲ್ಲೇ?” ಎಂದರು ಅತ್ತೆ.

“ಊದ್ತಿದಾರಲ್ಲ ಅತ್ತೆ.”

“ಊದೋದು ಕಾಣ್ತದೆ. ಕೇಳಿಸ್ತಾ ಇರೋದು ನಿನ್ನ ಗಿರಣಿ.”

ಸರ್ವರನ್ನು ಅಡುಗೆಮನೆಯ ಪಕ್ಕಕ್ಕೆ ಇಟ್ಟರು, ಬಾಲ್ಕನಿಗೆ ಇಟ್ಟರು, ಹಳೆಯ ರಗ್ಗು ಹೊದಿಸಿ ನೋಡಿದರು. ರಗ್ಗು ಹೊದಿಸಿದಾಗ ಅದು ಬಿಸಿಯಾಗಿ ಇನ್ನೂ ಜೋರಾಗಿ ಕೂಗಿತು. ಲಕ್ಷ್ಮವ್ವ ಕಿವಿಗೆ ಹತ್ತಿ ಇಟ್ಟುಕೊಂಡು ಮೂಕಿ ಮದುವೆ ನೋಡಿದರು. ಕಡೆಗೊಂದು ಬೆಳಿಗ್ಗೆ ಬ್ಯಾಗಿಗೆ ಸೀರೆ ಮಡಚಿಟ್ಟುಕೊಳ್ಳತೊಡಗಿದರು.

“ಹೇರೋಹಳ್ಳಿಗೆ ಹೋಗ್ತೀನಿ ಕಣವ್ವಾ. ಅಲ್ಲಿ ಸದ್ದಿಲ್ಲ.”

ಅಲ್ಲಿ ಏನೂ ಇಲ್ಲ ಅತ್ತೆ ಎಂದು ಹೇಳುವುದಕ್ಕೆ ರಾಜೇಶ್ವರಿ ಬಾಯಿ ತೆಗೆಯುವಷ್ಟರಲ್ಲಿ ನೀಲಾಳೇ ಬಂದಳು. ಅತ್ತೆಯನ್ನು ಕರೆದೊಯ್ಯಲು ಬಂದವಳಂತೆ ಕಾಣಲಿಲ್ಲ. ಅಕ್ಕನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು:

“ಅಕ್ಕಾ, ನಮ್ಮನೆ ಡಿಸ್ಕ್ ಹೋಯ್ತು. ನಿನ್ನೆಯಿಂದ ಏನು ಮಾಡಿದ್ರೂ ಓದ್ತಾ ಇಲ್ಲ. ನಿಮ್ಮದರಿಂದ ನಂಗೊಂದು ಕಾಪಿ ಬೇಕು.”

“ಹೋಗೋಕೆ ಅದರಲ್ಲಿ ಏನಿತ್ತೇ? ಖಾಲಿ ಅಲ್ವಾ?”

ನೀಲಾ ಅರ್ಥವಾಗದೆ ಅವಳ ಮುಖ ನೋಡಿದಳು. “ಖಾಲಿ ಯಾಕಕ್ಕಾ? ನಿಮ್ಮದರಲ್ಲಿ ಇರೋದೆಲ್ಲಾ ಅದರಲ್ಲೂ ಇತ್ತು. ಅವತ್ತೇ ಹೇಳಿದ್ನಲ್ಲ, ಎರಡರಲ್ಲೂ ಒಂದೇ ಅಂತ. ಜೊತೆಗೆ ಇನ್ನೊಂದು ತಗೊಂಡು ಹಾಕೋಣ ಅಂದ್ಕೊಂಡೆ, ಅಷ್ಟರಲ್ಲಿ ಇದು ಕೈ ಕೊಡ್ತು.”

ರಾಜೇಶ್ವರಿ ಒಲೆಯ ಮೇಲಿನ ಹಾಲನ್ನೇ ನೋಡುತ್ತಾ ನಿಂತಳು. ಇಷ್ಟು ದಿನ ತಾನು ಗೆದ್ದೇ ಇರಲಿಲ್ಲ. ಆ ಪಾಯಸ, ಆ ಮೃದುವಾದ ಫೋನು, ಎಲ್ಲ ದಂಡ. ಆದರೆ ಮುಖ ಬಿಸಿಯಾಗುತ್ತಿದ್ದಂತೆಯೇ ಇನ್ನೊಂದು ಮಾತು ಹೊಳೆಯಿತು: ಆಗ ಗೆದ್ದಿರಲಿಲ್ಲ, ಈಗ ನಿಜವಾಗಿ ಗೆದ್ದಿದ್ದೇನೆ.

“ನೋಡೋಣ,” ಎಂದಳು. “ಈಗ ಹಬ್ಬದ ಬ್ಲೌಸುಗಳು ತುಂಬಾ ಇವೆ ಕಣೇ. ಪುರುಸೊತ್ತಾದಾಗ ಹೇಳ್ತೀನಿ.”

“ಆಯ್ತಕ್ಕಾ. ಅತ್ತೆಗೆ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ.”

ನೀಲಾ ಗೇಟು ದಾಟುವುದನ್ನೇ ಕಾದು ರಾಜೇಶ್ವರಿ ಅತ್ತೆಯ ಒಂದು ಕಿವಿಯ ಹತ್ತಿ ತೆಗೆದಳು.

“ಅಲ್ಲಿ ಪೆಟ್ಟಿಗೆ ಕೆಟ್ಟೋಯ್ತಂತೆ ಅತ್ತೆ.”

ಲಕ್ಷ್ಮವ್ವ ಬ್ಯಾಗಿನಿಂದ ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆದಿಟ್ಟರು.

*

ಅತ್ತೆ ಉಳಿದರು. ರಾಜೇಶ್ವರಿ ಬಯಸಿದ್ದು ಅದನ್ನೇ. ಆದರೆ ಅತ್ತೆ ಈಗ ನಗುತ್ತಿರಲಿಲ್ಲ. ಕಿವಿಯಲ್ಲಿ ಹತ್ತಿ, ಪಕ್ಕದಲ್ಲಿ ಚಾಪೆಯಿಲ್ಲ, ಹೋಳಿಗೆ ಕದ್ದವಳನ್ನು ತೋರಿಸಿ ಹೇಳಿಕೊಳ್ಳಲು ಯಾರೂ ಇಲ್ಲ. ಮೊರೆತಕ್ಕೆ ಹೆದರಿ ಕೆಳಗಿನ ಮನೆಯವರೂ ಮೇಲೆ ಬರುತ್ತಿರಲಿಲ್ಲ. ನೀಲಾ ಮತ್ತೆ ಒಮ್ಮೆ ಫೋನು ಮಾಡಿದಳು. “ಇನ್ನೂ ಪುರುಸೊತ್ತಾಗಿಲ್ಲ ಕಣೇ,” ಎಂದಳು ರಾಜೇಶ್ವರಿ. ಆ ಮಾತು ಹೇಳುವಾಗ ನಾಲಗೆಗೆ ಒಂಥರಾ ರುಚಿಯಿತ್ತು. ಆಮೇಲೆ ಅದೇ ಕಹಿಯಾಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ನಡುಮನೆ ಗುಡಿಸುತ್ತಿದ್ದವಳು ಪೊರಕೆ ಹಿಡಿದು ಹಾಗೇ ನಿಂತಳು. ಗಿರಣಿಯ ಮೊರೆತದೊಳಗೆ ಇನ್ನೊಂದು ಸದ್ದು. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಹೊಲಿಗೆ ಮೆಷಿನ್ನಿನ ಸೂಜಿ ಸೊಟ್ಟಗಾಗಿ ಕೆಳಗಿನ ತಗಡಿಗೆ ಬಡಿಯುವಾಗ ಬರುವಂಥ ಸದ್ದು. ಅಂಥ ಸದ್ದು ಬಂದ ಮೆಷಿನ್ನನ್ನು ಅವಳು ಯಾವತ್ತೂ ಮುಂದೆ ತುಳಿದವಳಲ್ಲ.

ಮುನಿಯಣ್ಣನಿಗೆ ಫೋನು ಮಾಡಿ, ಫೋನನ್ನೇ ಸರ್ವರಿನ ಬಾಯಿಗೆ ಹಿಡಿದಳು.

“ಅದು ಡಿಸ್ಕ್ ಅಕ್ಕಾ,” ಎಂದ ಅವನು. “ಎಲ್ಲಿಂದ ತಂದಿದ್ದು?” ಅವಳು ಹೇಳಿದಳು. “ಇದರ ಜೊತೆಯದ್ದು ಎಲ್ಲಿದೆ?”

“ಅದು ಆಗ್ಲೇ ಹೋಯ್ತಂತೆ.”

“ಅಯ್ಯೋ! ಒಂದೇ ಆಫೀಸಲ್ಲಿ ಒಂದೇ ದಿನದಿಂದ ಸುತ್ತಿರೋ ಡಿಸ್ಕ್‌ಗಳು ಅವು, ಅವಳಿ ಇದ್ದಂಗೆ. ಒಂದು ಹೋಯ್ತು ಅಂದ್ರೆ ಇನ್ನೊಂದೂ ಚಪ್ಪಲಿ ಹಾಕ್ಕೊಂಡು ನಿಂತಿದೆ ಅಂತಾನೇ. ಅದರಲ್ಲಿರೋದನ್ನ ಇನ್ನೆಲ್ಲಾದ್ರೂ ಇಟ್ಟಿದೀರಾ?”

“ಇಲ್ಲ.”

“ಮತ್ತೆ ನನ್ನ ಹತ್ರ ಏನ್ ಮಾತಾಡ್ತಾ ಕೂತಿದೀರಾ ಅಕ್ಕಾ?”

ಅವಳು ನೀಲಾಳಿಗೆ ಫೋನು ಮಾಡಿದಳು. ಪುರುಸೊತ್ತಿನ ಮಾತು ಎತ್ತಲಿಲ್ಲ. “ಬೇಗ ಬಾರೇ,” ಎಂದಷ್ಟೇ ಹೇಳಿದಳು.

ನೀಲಾ ಹೊಸ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಳು. ಚಪ್ಪಲಿ ಬಿಡುತ್ತಲೇ ಸದ್ದು ಕೇಳಿಸಿಕೊಂಡು ಅವಳ ಮುಖ ಇಳಿಯಿತು. ಖಾಲಿ ಗೂಡಿಗೆ ಹೊಸದನ್ನು ತೂರಿಸಿ ಸರ್ವರಿನ ಮುಂದೆ ನೆಲಕ್ಕೆ ಕೂತಳು.

“ಎಲ್ಲಾ ಒಟ್ಟಿಗೆ ಬೇಡ ಅಕ್ಕಾ, ಒಂದೊಂದೇ ತೆಗೆಯೋಣ. ಎಷ್ಟು ಹೊತ್ತು ಬದುಕುತ್ತೋ ಗೊತ್ತಿಲ್ಲ. ಯಾವ್ದು ಮೊದ್ಲು?”

“ನಮ್ಮ ಮದುವೆ,” ಎಂದಳು ರಾಜೇಶ್ವರಿ. ಯೋಚಿಸಲೇ ಇಲ್ಲ.

“ಆಮೇಲೆ?”

“ವಚನಾ ತೊಟ್ಟಿಲು. ಆಮೇಲೆ ಮಾವನವರದ್ದು. ಆಮೇಲೆ ಸೀಮಂತ.”

“ನಿಮ್ಮ ಗೃಹಪ್ರವೇಶ ಹಾಕ್ಕೊಳ್ಳಮ್ಮ,” ಎಂದರು ಗುರುಸಿದ್ದಯ್ಯ. ಅವರು ಹೇಳಿದ ಸಾಲಿನಲ್ಲೇ ನೀಲಾ ಒಂದೊಂದನ್ನೂ ಒತ್ತುತ್ತಾ ಹೋದಳು. ನೀಲಾಳ ಮದುವೆಯನ್ನು ಯಾರೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಅದು ತಾನಾಗಿ ಕೊನೆಗೆ ಉಳಿಯಿತು.

ಪರದೆಯ ಮೇಲಿನ ನೀಲಿ ಗೆರೆ ತೆವಳಿತು. ಮಧ್ಯಾಹ್ನದ ಊಟ ಆಯಿತು. ಸಾರು ಬಡಿಸುತ್ತಲೇ ಎಲ್ಲರ ಕಿವಿಯೂ ಆ ಟಕ್ ಕಡೆಗೇ ಇತ್ತು. ಲಕ್ಷ್ಮವ್ವ ಹತ್ತಿ ತೆಗೆದಿಟ್ಟು, ಆಸ್ಪತ್ರೆಯಲ್ಲಿ ಕೂತವರಂತೆ ಕೂತಿದ್ದರು. “ಏನಂತೆ?” ಎಂದು ಆಗಾಗ ಕೇಳುತ್ತಿದ್ದರು. ರಾಜೇಶ್ವರಿಯ ಮದುವೆ ದಾಟಿತು. ತೊಟ್ಟಿಲು ದಾಟಿತು. ಮಾವನವರು, ಸೀಮಂತ, ಗೃಹಪ್ರವೇಶ ದಾಟಿದವು. ನೀಲಾಳ ಮದುವೆ ಶುರುವಾಯಿತು. ಗೆರೆ ಸ್ವಲ್ಪ ಹರಿದು ನಿಂತಿತು.

ಟಕ್ ಟಕ್ ಟಕ್ ಎಂದು ಡಿಸ್ಕು ಬೇಗ ಬೇಗ ಬಡಿದುಕೊಂಡಿತು. ಆಮೇಲೆ ಅದರ ಸದ್ದೇ ಇಲ್ಲ, ಫ್ಯಾನುಗಳ ಮೊರೆತ ಮಾತ್ರ. ನೀಲಾ ಅದನ್ನು ತೆಗೆದು ಮತ್ತೆ ಹಾಕಿದಳು. ಪಕ್ಕದ ಗೂಡಿಗೆ ಹಾಕಿದಳು. ಪರದೆಯ ಮೇಲೆ ಅದರ ಹೆಸರು ಬರಲಿಲ್ಲ.

“ಹೋಗ್ಲಿ ಬಿಡಿ ಅಕ್ಕಾ,” ಎಂದಳು. “ಒಂದು ತಾನೆ. ಉಳಿದಿದ್ದೆಲ್ಲಾ ಬಂತಲ್ಲ.”

“ನಿನ್ನ ತವರಲ್ಲಿ ಸಿ.ಡಿ. ಇರಬಹುದಲ್ಲ?” ಎಂದಳು ರಾಜೇಶ್ವರಿ.

“ಅವರ ಹತ್ರ ಇದ್ದಿದ್ದನ್ನೇ ತಂದು ಇದಕ್ಕೆ ಹಾಕಿದ್ದು. ಆಮೇಲೆ ಅವರು ಮನೆ ಬದಲಿಸೋವಾಗ ಅದೆಲ್ಲೋ ಹೋಯ್ತು. ನಮ್ಮಪ್ಪ ಓಡಾಡಿರೋದು ಅದೊಂದರಲ್ಲೇ ಇತ್ತು.” ಅವಳು ಟವೆಲನ್ನು ನಾಲ್ಕು ಮಡಿಕೆ ಮಾಡಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ರಾಜೇಶ್ವರಿ ತಿರುಗಿ ಏನಾದರೂ ಅನ್ನಬಹುದಿತ್ತು.

ರಾಜೇಶ್ವರಿ ಎದ್ದು ಒಳಗೆ ಹೋದಳು. ಬೀರುವಿನ ಬಾಗಿಲು ತೆರೆದ ಸದ್ದಾಯಿತು. ರೇಷ್ಮೆ ಸೀರೆಗಳ ಅಡಿಗೆ, ಹಾಸಿದ್ದ ಹಳೆಯ ಪಂಚೆಯ ಕೆಳಗೆ ಅವಳ ಕೈ ಹೋಯಿತು. ಅಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಇಟ್ಟವಳೇ ಅವಳು.

ನೀಲಾಳ ಮದುವೆ ಮಹಾಲಕ್ಷ್ಮಿ ಲೇಔಟಿನ ದೊಡ್ಡ ಛತ್ರದಲ್ಲಿ ಆಗಿತ್ತು. ಬಾಗಿಲಿಂದ ಮಂಟಪದವರೆಗೆ ಸೇವಂತಿಗೆ, ಊಟಕ್ಕೆ ಐಸ್‌ಕ್ರೀಮು. ರಾಜೇಶ್ವರಿಯದ್ದು ಸ್ಕೂಲಿನ ಬಯಲಿನಲ್ಲಿ ಶಾಮಿಯಾನ ಹಾಕಿ ಆದ ಮದುವೆ. ಆಮೇಲೆ ನೀಲಾ ಸಂಬಂಧಿಕರಿಗೆಲ್ಲ ಒಂದೊಂದು ಡಿ.ವಿ.ಡಿ. ಹಂಚಿದಳು. ಬೇರೆಯವರು ನೋಡಿದರು, ಗೀರಿದರು, ಕಳೆದರು. ರಾಜೇಶ್ವರಿ ಒಮ್ಮೆಯೂ ನೋಡಲಿಲ್ಲ. ಆ ಸೇವಂತಿಗೆಯನ್ನು ಇನ್ನೊಂದು ಸಲ ನೋಡುವ ಶಕ್ತಿ ಅವಳಿಗಿರಲಿಲ್ಲ. ಬಿಸಾಡಲು ಮನಸ್ಸು ಬಾರದೆ, ಕಣ್ಣಿಗೆ ಬೀಳದ ಕಡೆ ತುರುಕಿದ್ದಳು.

ತಂದು ನೀಲಾಳ ಕೈಗಿಟ್ಟಳು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹರಿದಿರಲಿಲ್ಲ.

ನೀಲಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹೊದಿಕೆಯ ಅಂಚನ್ನು ಉಗುರಿನಿಂದ ಸವರಿದಳು.

“ಅಕ್ಕಾ, ಇಷ್ಟು ವರ್ಷ ನೀವು ಇದನ್ನ ತೆಗ್ದೇ ಇಲ್ವಾ?”

“ಇಲ್ಲ ಕಣೇ.”

“ಒಂದ್ಸಲಾನೂ?”

“ತೆಗ್ದಿದ್ರೆ ಗೀರು ಬೀಳ್ತಿತ್ತು,” ಎಂದಳು ರಾಜೇಶ್ವರಿ. ಹೇಳಿ ಸೀದಾ ಅಡುಗೆಮನೆಗೆ ಹೋಗಿ, ಬೇಡದಿದ್ದರೂ ಕಾಫಿಗೆ ನೀರಿಟ್ಟಳು. ನಡುಮನೆಯಲ್ಲಿ ನೀಲಾ ನಗತೊಡಗಿದ್ದು ಕೇಳಿಸಿತು. ನಗು ತಡೆಯಲಾಗದೆ ಕಣ್ಣು ಒರೆಸಿಕೊಳ್ಳುವಂಥ ನಗು. ಒರೆಸಿಕೊಂಡದ್ದು ನಗುವಿಗೇ ಇರಬೇಕು.

*

ಆ ಭಾರೀ ಸರ್ವರಿಗೆ ಡಿ.ವಿ.ಡಿ. ತಿನ್ನುವ ಬಾಯಿಯೇ ಇರಲಿಲ್ಲ. ನೀಲಾಳ ಸಣ್ಣ ಪೆಟ್ಟಿಗೆಗೆ ಇತ್ತು. ಹೊಸ ಡಿಸ್ಕನ್ನೂ ಡಿ.ವಿ.ಡಿ.ಯನ್ನೂ ಹಿಡಿದುಕೊಂಡು ಎಲ್ಲರೂ ಹೇರೋಹಳ್ಳಿಗೆ ಹೋದರು. ಲಕ್ಷ್ಮವ್ವನ ಬ್ಯಾಗೂ ಹೋಯಿತು.

ಚಾಪೆ ಹಾಸಿದ್ದಾಯಿತು. ಅಕ್ಕಪಕ್ಕದವರು ಕೂತರು. ಸೇವಂತಿಗೆಯ ಸಾಲು ಬಂತು, ನೀಲಾಳ ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಊಟದ ಪಂಕ್ತಿಯ ನಡುವೆ ಓಡಾಡಿದರು. ನೀಲಾ ಪರದೆಯ ಹತ್ತಿರ ಹೋಗಿ ನಿಂತು ನೋಡಿದಳು. ಆಮೇಲೆ ವಧೂವರರ ಹಿಂದೆ ನಿಂತಿದ್ದ ನೆಂಟರ ಸಾಲು.

“ಏ, ನಿಲ್ಸು ನಿಲ್ಸು!” ಲಕ್ಷ್ಮವ್ವ ಕೋಲಿನಿಂದ ಟಿ.ವಿ. ತೋರಿಸಿದರು. “ಅಲ್ಲಿ ಮೂಲೇಲಿ ಹಾಗಲಕಾಯಿ ತಿಂದಂಗೆ ಮೂತಿ ಮಾಡ್ಕೊಂಡು ನಿಂತವಳಲ್ಲ, ಯಾರೇ ಅದು?”

ಚಾಪೆಯ ತಲೆಗಳೆಲ್ಲ ರಾಜೇಶ್ವರಿಯ ಕಡೆ ತಿರುಗಿದವು.

“ನಾನೇ ಅತ್ತೆ,” ಎಂದಳು ರಾಜೇಶ್ವರಿ. “ಕಾಲು ನೋಯ್ತಿತ್ತು.”

“ಕಾಲೋ, ಹೊಟ್ಟೆಯೋ!”

ಚಾಪೆ ಬಿದ್ದು ಬಿದ್ದು ನಕ್ಕಿತು. ಅತ್ತೆಯ ದನಿಗೆ ಹಳೆಯ ಬಿಸಿ ಬಂದಿತ್ತು. ಹೊರಡುವ ಹೊತ್ತಿಗೆ ರಾಜೇಶ್ವರಿ ಕೇಳಿದಳು:

“ಬ್ಯಾಗ್ ತಗೊಳ್ಲಾ ಅತ್ತೆ?”

“ನಾನು ಇಲ್ಲೇ ಇರ್ತೀನಿ ಕಣೇ. ಇವಳ ಮದುವೇಲಿ ಇನ್ನೂ ಊಟಾನೇ ಮುಗಿದಿಲ್ಲ.” ಹಾಗೇ ಸೇರಿಸಿದರು, “ದೀಪಾವಳಿಗೆ ಬರ್ತೀನಿ. ಅಷ್ಟರಲ್ಲಿ ಆ ಗಿರಣಿ ಮನೇಲಿ ಇರಬಾರ್ದು. ಇಂಥದ್ದೇ ಸಣ್ಣದು ತಗೋ.”

ಇಂಥದ್ದೇ. ಆ ಒಂದು ಮಾತು ಅವಳಿಗೆ ಚುಚ್ಚಿತು.

ನೀಲಾ ತನ್ನ ಪೆಟ್ಟಿಗೆಗೆ ತಂದಿದ್ದ ಬೇರೆ ಡಿಸ್ಕಿನಲ್ಲಿ ಒಂದು ಪ್ರತಿ ಇಟ್ಟುಕೊಂಡು, ಹೊಸ ಡಿಸ್ಕಿನಲ್ಲಿ ಎಲ್ಲವನ್ನೂ ತುಂಬಿ ಅಕ್ಕನಿಗೆ ಕೊಟ್ಟಳು. “ಒಂದು ನಿಮ್ಮನೇಲಿ, ಒಂದು ನಮ್ಮನೇಲಿ ಇರ್ಲಿ ಅಕ್ಕಾ. ಯಾರದ್ದು ಹೋದ್ರೂ ಇನ್ನೊಬ್ಬರ ಹತ್ರ ಇರುತ್ತೆ. ಒಂದೇ ಮನೇಲಿ ಎರಡು ಇಟ್ಕೊಳ್ಳೋದಕ್ಕಿಂತ ಇದೇ ವಾಸಿ.”

ಗುರುಸಿದ್ದಯ್ಯ ಸ್ಕೂಟರ್ ಶುರು ಮಾಡಿದರು. “ಹತ್ತು,” ಎಂದರು.

“ನೀವು ಹೋಗಿ. ನಾನು ಆಟೋದಲ್ಲಿ ಬರ್ತೀನಿ.”

ಈ ಸಲ ಅವಳು ಆಟೋದವನಿಗೆ ಹೆಚ್ಚು ಕೊಡುತ್ತೇನೆಂದು ಒಪ್ಪಿಸಿ ಮನೆಯ ಬಾಗಿಲಿಗೇ ಕರೆಸಿದ್ದಳು. ಟವೆಲಿನಲ್ಲಿ ಸುತ್ತಿದ ಡಿಸ್ಕು ಮಡಿಲಲ್ಲಿತ್ತು, ಅತ್ತೆ ಈ ಸಲವೂ ಕೊಟ್ಟ ತೆಂಗಿನಕಾಯಿ ಬೇರೆ ಚೀಲದಲ್ಲಿ. ಆ ಡಿಸ್ಕಿನಲ್ಲಿ ನೀಲಾಳ ಮದುವೆಯೂ ಇತ್ತು. ಆ ಸೇವಂತಿಗೆ, ಆ ಐಸ್‌ಕ್ರೀಮು, ತನ್ನ ಹಾಗಲಕಾಯಿ ಮೂತಿ. ಇವತ್ತು ಸರಿಯಾಗಿ ನೋಡಿದ ಮೇಲೆ ಒಂದು ಸಂಗತಿ ಖಾತ್ರಿಯಾಗಿತ್ತು: ನೀಲಾಳ ಸೀರೆಯ ಅಂಚು ತನ್ನದಕ್ಕಿಂತ ಎರಡು ಬೆರಳು ಅಗಲವೇ ಇತ್ತು.

“ಮೇಡಂ, ಹಳ್ಳ ಬಂತು,” ಎಂದ ಆಟೋದವನು.

ರಾಜೇಶ್ವರಿ ಎರಡೂ ಕೈಯಿಂದ ಮಡಿಲನ್ನು ಮೇಲೆತ್ತಿ ಹಿಡಿದಳು. “ಮೆಲ್ಲಗೆ ಹೋಗಪ್ಪ,” ಎಂದಳು. “ಇದರಲ್ಲಿ ಮದುವೆ ಇದೆ.”